ಡಬ್ಬಿಯ ಮೇಲೆ ಮಲಗಿದವನು

ನಾಮಕರಣದ ದಿನ ತಲೆಯ ಮೇಲೆ ತಣ್ಣೀರು ಬಿದ್ದರೂ ಆಬೆಲ್ ಲಿಂಕ್ಸ್ ಎಚ್ಚರವಾಗಲಿಲ್ಲ. ಪಾದ್ರಿ ಗಾಬರಿಯಾಗಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಉಸಿರಿದೆ ಎಂದು ಖಾತ್ರಿಯಾದ ಮೇಲೇ ಹೆಸರು ಕೂಗಿದರಂತೆ. ಅವನ ತಾಯಿ ಇದನ್ನು ಸಾಯುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದಳು. ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡಿನ ಖಾರ್ಕಾಮ್ಸ್ ಊರಿನಲ್ಲಿ ಒಬ್ಬ ಹಾಡುವುದಕ್ಕೆ ಹೆಸರಾಗಿದ್ದ, ಒಬ್ಬ ಕುಡಿಯುವುದಕ್ಕೆ, ಮತ್ತೊಬ್ಬ ನೆಲದಡಿ ನೀರು ಎಲ್ಲಿದೆಯೆಂದು ಹೇಳುವುದಕ್ಕೆ. ಆಬೆಲ್ ನಿದ್ದೆಗೆ ಹೆಸರಾದ.

ಆಡು ಕಾಯಲು ಕಳಿಸಿದರೆ ಸಂಜೆ ಆಡುಗಳು ತಾವೇ ಮನೆಗೆ ಬರುತ್ತಿದ್ದವು, ಆಬೆಲನನ್ನು ಹುಡುಕಿಕೊಂಡು ಯಾರಾದರೂ ಹೋಗಬೇಕಾಗುತ್ತಿತ್ತು. ತಾಮ್ರದ ಗಣಿಯಲ್ಲಿದ್ದಾಗ ಬಂಡೆ ಸಿಡಿಸುವ ಸದ್ದಿಗೂ ಅವನು ಕದಲುತ್ತಿರಲಿಲ್ಲ. ಆಮೇಲೆ ಹೆದ್ದಾರಿ ರಿಪೇರಿಯಲ್ಲಿ ‘ನಿಲ್ಲಿ’ ಎನ್ನುವ ಕೆಂಪು ಹಲಗೆ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು. ಎರಡನೆಯ ವಾರ ಹಲಗೆ ಹಿಡಿದೇ ನಿದ್ದೆ ಹೋದ. ಎರಡು ಕಿಲೋಮೀಟರ್ ಉದ್ದಕ್ಕೆ ಲಾರಿಗಳು ಸಾಲುಗಟ್ಟಿ ಹಾರನ್ ಬಾರಿಸಿದವು. ಕೆಲಸ ಹೋಯಿತು, ಕೀರ್ತಿ ಹೆಚ್ಚಿತು. ಆಬೆಲ್ ತನ್ನ ನಿದ್ದೆಯನ್ನು ಕಲಿತು ಗಳಿಸಿದ ವಿದ್ಯೆಯೆಂಬಂತೆ ನೆನೆದು ಹೆಮ್ಮೆಪಡುತ್ತಿದ್ದ.

ಅವನ ಹೆಂಡತಿ ಡ್ರೀಕಾಳಿಗೆ ಮದುವೆಯಾದ ರಾತ್ರಿಯೇ ಗೊತ್ತಾಗಿತ್ತು. ಅವನ ಗೊರಕೆಗೆ ತಗಡಿನ ಮಾಡು ಅದುರುತ್ತಿತ್ತು. ಮೂರು ತಿಂಗಳು ಕಣ್ಣು ಮುಚ್ಚದೆ ಕಳೆದು, ಕೊನೆಗೆ ಅಜ್ಜಿಯ ಮನೆಗೆ ಹೋಗಿ ಕನ್ನಾ ಮಾಡುವುದನ್ನು ಕಲಿತು ಬಂದಳು. ಕನ್ನಾ ಅಲ್ಲಿನ ಗುಡ್ಡಗಳಲ್ಲಿ ಪೊದೆಗಳ ನೆರಳಿನಲ್ಲಿ ಹರಡುವ ಒಂದು ಗಿಡ. ಅದನ್ನು ಕಲ್ಲಿನಲ್ಲಿ ಜಜ್ಜಿ, ಚೀಲದಲ್ಲಿ ಬಿಗಿದು ಬಿಸಿಲಿಗಿಟ್ಟು, ಎಂಟು ದಿನ ಹುಳಿ ಬರಿಸಿ, ಒಣಗಿಸಿ ಅಗಿಯಬೇಕು. ಮನಸ್ಸು ತಣ್ಣಗಾಗುತ್ತದೆ. ಡ್ರೀಕಾ ಪ್ರತಿ ಸಂಜೆ ನಶ್ಯದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ದವಡೆಗಿಟ್ಟುಕೊಳ್ಳುತ್ತಿದ್ದಳು. ಅದರಿಂದ ಎರಡು ಮೂರು ಗಂಟೆ ನಿದ್ದೆ ಸಿಗುತ್ತಿತ್ತು. ಆಬೆಲ್ ಒಮ್ಮೆ ರುಚಿ ನೋಡಿ, “ಹಳೇ ಗೋಣಿಚೀಲ ಅಗಿದ ಹಾಗಿದೆ” ಎಂದು ಉಗುಳಿದ್ದ.

ಆಬೆಲನಿಗೆ ಅರವತ್ತಮೂರು ತುಂಬಿದ ವರ್ಷ ಕೇಪ್‌ಟೌನಿನ ಒಂದು ಕಂಪನಿಯಿಂದ ಇಂಗ್ರಿಡ್ ಎಂಬ ಹೆಂಗಸು ಕನ್ನಾ ಬಲ್ಲವರನ್ನು ಹುಡುಕಿಕೊಂಡು ಬಂದಳು. ಡ್ರೀಕಾ ಗುಡ್ಡಕ್ಕೆ ಹೋಗಿದ್ದಳು. ಬೆಳಗಿನ ಹನ್ನೊಂದು ಗಂಟೆ. ಪಕ್ಕದ ಮನೆಯಲ್ಲಿ ಡ್ರಿಲ್ ಮಷೀನು ಗೋಡೆ ಕೊರೆಯುತ್ತಿತ್ತು. ಬಾಗಿಲ ಮುಂದಿನ ಬೆಂಚಿನ ಮೇಲೆ ಆಬೆಲ್ ಬಾಯಿ ತೆರೆದು ಮಲಗಿದ್ದ, ತೊಡೆಯ ಮೇಲೊಂದು ಕೋಳಿ ಕೂತಿತ್ತು. ಇಂಗ್ರಿಡ್ ನಿಂತಲ್ಲೇ ನಿಂತು ಇಪ್ಪತ್ತು ಫೋಟೋ ತೆಗೆದಳು.

ಅವನು ಎದ್ದಾಗ ಕೇಳಿದಳು: “ಊಮ್ ಆಬೆಲ್, ನೀವು ಕನ್ನಾ ತಗೊಳ್ತೀರಾ?”

ಹಿರಿಯ ಗಂಡಸನ್ನು ಅಲ್ಲಿ ಊಮ್ ಎಂದು ಕರೆಯುತ್ತಾರೆ, ಹೆಂಗಸನ್ನು ಟಾನಿ ಎಂದು. ಪೇಟೆಯವಳ ಬಾಯಲ್ಲಿ ಊಮ್ ಎಂದು ಕೇಳಿ ಆಬೆಲ್ ಕರಗಿಹೋದ. ಯಾರ ಮನಸ್ಸನ್ನೂ ನೋಯಿಸುವವನಲ್ಲ. “ಈ ಮನೇಲಿ ಅದಿಲ್ದೆ ಒಂದ್ ದಿನಾನೂ ಕಳೆದಿಲ್ಲ ಕಣಮ್ಮ” ಎಂದ. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಡ್ರೀಕಾ ಬೆನ್ನಮೇಲೆ ಗಿಡದ ಚೀಲ ಹೊತ್ತು ಅಂಗಳಕ್ಕೆ ಬಂದಳು. ಕ್ಯಾಮೆರಾ ಹಿಡಿದಿದ್ದ ಇಂಗ್ರಿಡ್ ನಯವಾಗಿ, “ಟಾನಿ, ಸ್ವಲ್ಪ ಆಚೆ ನಿಂತ್ಕೊಳ್ತೀರಾ? ಬೆಳಕಿಗೆ ಅಡ್ಡ ಬರ್ತಿದೀರ” ಎಂದಳು. ಡ್ರೀಕಾ ಆಚೆ ನಿಂತಳು. ಆದರೂ ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು: ಎಷ್ಟು ದಿನ ಬಿಸಿಲು, ಯಾವಾಗ ಕೈಯಾಡಿಸಬೇಕು, ಯಾರಿಗೆ ಕೊಡಬಾರದು. ಇಂಗ್ರಿಡ್ ಎಲ್ಲವನ್ನೂ ಬರೆದುಕೊಂಡು ಹಾಳೆಯ ಮೇಲ್ಗಡೆ ‘ಊಮ್ ಆಬೆಲನ ಗುಟ್ಟು’ ಎಂದು ಬರೆದು ಗೆರೆ ಎಳೆದಳು.

ನಾಲ್ಕು ತಿಂಗಳಿಗೆ, ನಿದ್ದೆಗೆಂದು ಮಾಡಿದ ಕನ್ನಾ ಮಾತ್ರೆಯ ಡಬ್ಬಿಗಳು ಬಂದವು. ಮೇಲೆ ಆಬೆಲನ ಮಲಗಿದ ಮುಖ. ಕೋಳಿಯನ್ನು ತೆಗೆದುಹಾಕಿದ್ದರು. ಕೇಪ್‌ಟೌನಿನಲ್ಲಿ ಔಷಧಿ ಅಂಗಡಿಯವರನ್ನೆಲ್ಲ ಸೇರಿಸಿದ ಸಭೆಯಲ್ಲಿ ಆಬೆಲ್ ಸೂಟು ಹಾಕಿಕೊಂಡು ಮಾತಾಡಿದ. “ನಂಗೆ ಮೂರು ಮಕ್ಕಳು. ಹೆಂಗೆ ಬೆಳೆದ್ರೋ ಗೊತ್ತಾಗ್ಲಿಲ್ಲ. ರಾತ್ರಿ ಹೊತ್ತು ಒಂದಕ್ಕೂ ಕಾಯಿಲೆ ಅಂತ ಬಂದಿದ್ದಿಲ್ಲ. ಒಂದಿನಾನೂ ಯಾರೂ ನನ್ನ ಎಬ್ಬಿಸಿಲ್ಲ” ಎಂದ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಡ್ರೀಕಾ ಕರವಸ್ತ್ರ ಹುಡುಕುವವಳಂತೆ ಕೈಚೀಲದೊಳಗೆ ತಲೆ ಹಾಕಿ ಕೂತಳು.

ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತು. ಕಂಪನಿಗೆ ಪುರಾವೆ ಬೇಕಾಯಿತು. ನಿದ್ದೆ ಅಳೆದು ಬೆಳಗ್ಗೆ ಅಂಕ ಕೊಡುವ ಒಂದು ಗಡಿಯಾರವನ್ನು ಆಬೆಲನ ಕೈಗೆ ಕಟ್ಟಿದರು. ಮೊದಲ ದಿನ ಐವತ್ತೆಂಟು ಬಂತು.

“ಶಾಲೇಲಿ ಲೆಕ್ಕದಲ್ಲೂ ನಂಗೆ ಇಷ್ಟು ಬಂದಿರ್ಲಿಲ್ಲ” ಎಂದು ಫೋನಿನಲ್ಲಿ ಹಿಗ್ಗಿದ.

ಆ ಕಡೆಯಿಂದ ಇಂಗ್ರಿಡ್, “ಊಮ್, ಎಂಬತ್ತರ ಮೇಲೆ ಬರ್ಬೇಕು. ಗೊರಕೆಯಿಂದ ನಿಮ್ಮ ಉಸಿರು ನಿಂತು ನಿಂತು ಹೋಗ್ತಿದೆ. ಆಳವಾದ ನಿದ್ದೆ ನಿಮಗೆ ಬರ್ತಾನೇ ಇಲ್ಲ” ಎಂದಳು.

ಆಬೆಲ್ ಫೋನಿಟ್ಟು ಬೆಂಚಿನ ಮೇಲೆ ಕೂತ. ಅರವತ್ತಮೂರು ವರ್ಷ ತಾನು ಮಾಡಿದ್ದು ನಿದ್ದೆಯೇ ಅಲ್ಲ ಎಂದು ತಿಳಿದರೆ ಯಾರಿಗಾದರೂ ದಿಗಿಲಾಗುತ್ತದೆ. ಅಂದು ಜೀವಮಾನದಲ್ಲಿ ಮೊದಲ ಸಲ, ಹಾಸಿಗೆಗೆ ಹೋದಾಗ ನಿದ್ದೆ ಬರುತ್ತದೋ ಇಲ್ಲವೋ ಎಂದು ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು. ಅಂಕ ಐವತ್ತೊಂದಾಯಿತು, ನಲವತ್ನಾಲ್ಕಾಯಿತು. ತನ್ನದೇ ಮುಖವಿದ್ದ ಡಬ್ಬಿಯಿಂದ ಒಂದು ಮಾತ್ರೆ ನುಂಗಿದ, ಆಮೇಲೆ ಎರಡು. ಹೊಟ್ಟೆ ಕೆಟ್ಟಿತು, ಅಷ್ಟೇ.

ಪಕ್ಕದ ಮನೆಯ ಯೋರಿಸ್ ಬೇಲಿಯಾಚೆಯಿಂದ ಕೆಣಕಿದ: “ಏನಪ್ಪಾ ಆಬೆಲ್, ಡಬ್ಬಿ ಮೇಲೆ ಮಲಗಿದೀಯ, ಇಲ್ಲಿ ಕಣ್ಣು ಬಿಟ್ಕೊಂಡು ಕೂತಿದೀಯ. ಇಬ್ರಲ್ಲಿ ಯಾರನ್ನ ಮಾತಾಡಿಸ್ಲಿ?”

ಮನೆಯೊಳಗೆ ಬೇರೊಂದು ನಡೆಯಿತು. ಗೊರಕೆ ನಿಂತ ಮೊದಲ ವಾರ ಡ್ರೀಕಾ ಬೆಚ್ಚಿ ಬೆಚ್ಚಿ ಎದ್ದು ಗಂಡ ಬದುಕಿದ್ದಾನೆಯೇ ಎಂದು ಮುಟ್ಟಿ ನೋಡಿದಳು. ಎರಡನೆಯ ವಾರ ಕನ್ನಾ ಅಗಿಯುವುದು ಮರೆತುಹೋಯಿತು. ಮೂರನೆಯ ವಾರ ಎಂಟು ಗಂಟೆ ಅಲುಗಾಡದೆ ಮಲಗಿದಳು. ಕೆನ್ನೆಗಳು ತುಂಬಿಕೊಂಡವು. ನಿನಗೆ ಯಾವ ಮಾತ್ರೆ ಹಿಡಿಸಿತು ಎಂದು ಚರ್ಚಿನಲ್ಲಿ ಹೆಂಗಸರು ಕೇಳಿದರು.

ಒಂದು ದಿನ ಬೆಳಗಿನ ಜಾವಕ್ಕೆ ಆಬೆಲ್ ಅವಳ ಭುಜ ಅಲ್ಲಾಡಿಸಿದ. “ಡ್ರೀಕಾ, ನಿದ್ದೆ ಬರ್ತಿಲ್ಲ.”

“ಮೂವತ್ತೆಂಟು ವರ್ಷ ನಂಗೂ ಬರ್ಲಿಲ್ಲ. ನಾನ್ ನಿನ್ನ ಎಬ್ಬಿಸಿದ್ನಾ?”

“ಎಬ್ಬಿಸ್ಬೇಕಿತ್ತು.”

ಡ್ರೀಕಾ ಎದ್ದು ಕೂತಳು. “ಒಂದ್ ಸಲ ಎಬ್ಬಿಸ್ದೆ. ರೇಚೆಲ್‌ಗೆ ಎರಡು ವರ್ಷ. ಗಂಟಲು ಕಟ್ಟಿ ಮಗು ನೀಲಿಯಾಗಿತ್ತು. ನಿನ್ನ ಹಿಡಿದು ಅಲ್ಲಾಡಿಸ್ದೆ, ಮುಖಕ್ಕೆ ನೀರು ಹಾಕ್ದೆ. ನೀನು ಆ ಕಡೆ ತಿರುಗಿ ಮಲಗ್ದೆ. ನಾನು ಬೆನ್ನಿಗೆ ಕಟ್ಕೊಂಡು ನರ್ಸಮ್ಮನ ಮನೆವರೆಗೂ ನಡ್ಕೊಂಡು ಹೋದೆ. ಮೂರು ಗಂಟೆ ದಾರಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ವಾಪಸ್ ಬಂದಾಗ ನೀನು ಕಾಫಿ ಕುಡೀತಾ ಕೂತಿದ್ದೆ. ‘ಬೆಳಗ್ಗೆ ಬೆಳಗ್ಗೇನೇ ತಿರುಗೋಕೆ ಹೋಗಿದ್ರಾ ಇಬ್ರೂ’ ಅಂತ ನಕ್ಕೆ. ಹೇಳೋಕೆ ಬಾಯೇ ಬರ್ಲಿಲ್ಲ.”

ಸ್ವಲ್ಪ ಹೊತ್ತಿಗೆ ಡ್ರೀಕಾ ಮತ್ತೆ ಮಲಗಿದಳು, ಅವಳಿಗೆ ತಕ್ಷಣ ನಿದ್ದೆ ಹತ್ತಿತು. ಆಬೆಲ್ ಹೊರಗೆ ಬಂದು ಗುಡ್ಡದ ಮೇಲೆ ಬೆಳಕು ಹರಿಯುವುದನ್ನು ನೋಡುತ್ತ ನಿಂತ. ಆ ವಯಸ್ಸಿಗೆ ಅವನು ನೋಡಿದ್ದ ಸೂರ್ಯೋದಯಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವು ಎಷ್ಟು ನಿಧಾನ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಕಂಪನಿಗೆ ಫೋನು ಮಾಡಿ, ತನಗೆ ನಿದ್ದೆ ಬರುತ್ತಿಲ್ಲ, ಕನ್ನಾ ಅಗಿಯುತ್ತಿದ್ದವಳು ಹೆಂಡತಿ, ಡಬ್ಬಿಯ ಮೇಲಿಂದ ತನ್ನ ಮುಖ ತೆಗೆಯಬೇಕು ಎಂದು ಹೇಳಿದ. ಸತ್ಯ ಹೇಳುವುದಕ್ಕೆ ಅವನು ತುಂಬ ಧೈರ್ಯ ಕೂಡಿಸಿಕೊಂಡಿದ್ದ. ಇಂಗ್ರಿಡ್‌ಗೆ ಅದರಿಂದ ಏನೂ ಅನ್ನಿಸಲಿಲ್ಲ. “ಪರವಾಗಿಲ್ಲ ಊಮ್. ಜನಕ್ಕೆ ಈಗ ನಿದ್ದೆಗೆ ಅಣಬೆ ಮಾತ್ರೆ ಬೇಕಂತೆ. ಇರೋ ಡಬ್ಬಿ ಖಾಲಿಯಾದ್ರೆ ಮುಗೀತು. ಗಡಿಯಾರ ಮಾತ್ರ ವಾಪಸ್ ಕಳಿಸಿ” ಎಂದಳು.

ಗಡಿಯಾರ ಹೋದ ಮೇಲೆ ನಿದ್ದೆ ಅಲ್ಪಸ್ವಲ್ಪ ಮರಳಿತು. ಗೊರಕೆಯೂ ಅದರ ಜೊತೆಗೇ ಬಂತು. ಡ್ರೀಕಾ ಅವನ ಹಾಸಿಗೆಯನ್ನು ಆಡಿನ ಮೇವಿಡುವ ಕೋಣೆಗೆ ಹಾಕಿದಳು. ಅವನು ದಿಂಬು ಎತ್ತಿಕೊಂಡು ಹೋದ. ಈಗ ಅವನಿಗೆ ಐದು ಗಂಟೆಯ ನಿದ್ದೆ, ಆ ವಯಸ್ಸಿನ ಎಲ್ಲರಂತೆ. ಮೊದಲು ಎದ್ದು ಒಲೆ ಹೊತ್ತಿಸುತ್ತಾನೆ, ಆಡುಗಳನ್ನು ಬಿಡುತ್ತಾನೆ. ಹೆಂಡತಿ ತಾನಾಗಿ ಏಳುವವರೆಗೆ ಪಾತ್ರೆ ಸದ್ದು ಮಾಡುವುದಿಲ್ಲ.

ಉಳಿದ ಡಬ್ಬಿಗಳು ಇನ್ನೂ ಎಲ್ಲೆಲ್ಲೋ ಮಾರಾಟವಾಗುತ್ತಿರುವುದರಿಂದ ದೂರದವರು ಊಮ್ ಆಬೆಲನನ್ನು ಕೇಳಿಕೊಂಡು ಬರುವುದುಂಟು. ಅವನು ಡ್ರೀಕಾಳತ್ತ ಕೈ ತೋರಿಸುತ್ತಾನೆ. ಮೊನ್ನೆ ಅಪಿಂಗ್ಟನ್ನಿಂದ ಗಂಡ ಹೆಂಡತಿ ಬಂದಿದ್ದರು. ಹೆಂಗಸಿನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಕನ್ನಾ ಕೊಡುವ ಮೊದಲು ಡ್ರೀಕಾ ಕೇಳಿದಳು: “ನಿನ್ನ ಪಕ್ಕ ಯಾರು ಮಲಗ್ತಾರೆ ತಾಯಿ?”

ಆ ಹೆಂಗಸು ಗಂಡನ ಕಡೆ ನೋಡಿದಳು. ಅವನು ಆಬೆಲನ ಫೋಟೋ ತೆಗೆಯುವುದರಲ್ಲಿದ್ದ. ಆಬೆಲ್ ಅವನ ಕೈಗೆ ಕಾಫಿ ಕೊಟ್ಟು, “ಬನ್ನಿ, ಆಡು ಮರಿ ಹಾಕಿದೆ, ತೋರಿಸ್ತೀನಿ. ಅವರು ಮಾತಾಡ್ಕೊಳ್ಳಲಿ” ಎಂದು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದ.