ಎರಡನೆಯ ಸಲದ ಉತ್ತರ

ಧನಗೆರೆಯ ಚನ್ನಾಜಮ್ಮ ತೀರಿಕೊಂಡಳು. ೧೯೭೪ರ ಆಷಾಢ, ಒಂದು ಬುಧವಾರ ಬೆಳಿಗ್ಗೆ. ಮೂರು ತಿಂಗಳಿಂದ ಅನ್ನ ಸೇರದೆ ಸೊರಗಿದ್ದ ಮೈಗೆ ಜ್ವರ ಬಂತು, ಐದು ದಿನವೂ ತಡೆಯಲಿಲ್ಲ. ವಯಸ್ಸು ಮೂವತ್ತಾರು.

ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗಲೂ ಎದುರಿಗೆ ಸಿಕ್ಕವರನ್ನು ಛೇಡಿಸದೆ ಬಿಟ್ಟವಳಲ್ಲ ಚನ್ನಾಜಿ. ಆ ಬೇಸಿಗೆಯಲ್ಲಿ ಬಾಯಿ ಕಟ್ಟಿತು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಲು ಹೋದವಳು ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. "ಮೈಗಳ್ಳತನ ಬಂತೇನೆ?" ಅಂದ ಗಂಡ ಸಿದ್ದಮಲ್ಲಪ್ಪ.

ಅದೇ ಹೊತ್ತಿಗೆ ಮೈಸೂರಿನ ಡಾಕ್ಟರೊಬ್ಬರು ಖಿನ್ನತೆ ಪತ್ತೆಹಚ್ಚಲು ಇಪ್ಪತ್ತು ಪ್ರಶ್ನೆಗಳ ಹಾಳೆ ಮಾಡಿದ್ದರು. ಆ ಹಾಳೆಯನ್ನು ನಂಬಬಹುದೇ ಎಂದು ನೋಡಲು, ಧನಗೆರೆಯ ಜನರನ್ನು ಒಮ್ಮೆ ಕೇಳಿ, ಹದಿನೈದು ದಿನ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು; ಉತ್ತರ ಎರಡು ಸಲವೂ ಹೊಂದಿದರೆ ಹಾಳೆ ಸರಿ. ಕೇಳುವ ಕೆಲಸ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಶಿವರತ್ನಮ್ಮನಿಗೆ ಸಿಕ್ಕಿತು. ಚನ್ನಾಜಿಯ ಪಕ್ಕದ ಮನೆಯವಳು, ಒಂದೇ ಬಾವಿಯಲ್ಲಿ ಜೊತೆಗೆ ನೀರು ಸೇದುವವಳು.

ಮೊದಲ ಸಲ ಚನ್ನಾಜಿಯ ಅತ್ತೆ ದೊಡ್ಡಬಸಮ್ಮ ಬಾಗಿಲಲ್ಲೇ ಕೂತಿದ್ದರು. "ನಮ್ಮನೇಲಿ ಯಾರ್ಗೂ ಏನೂ ಇಲ್ಲ ಕಣವ್ವಾ, ಬರ್ಕೋ." ಚನ್ನಾಜಿ ಇಪ್ಪತ್ತು ಪ್ರಶ್ನೆಗೂ ಚೆನ್ನಾಗಿದ್ದೇನೆ ಅಂದಳು.

ನಿದ್ದೆ, ಹಸಿವು ಇಲ್ಲವೆಂದು ಬರೆಸಿದವರನ್ನು ಡಾಕ್ಟರು ಕರೆಸಿ ಔಷಧಿ ಕೊಡುತ್ತಾರೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಡಾಕ್ಟರೇ ಕರೆದರೆ ಮನೆಯಲ್ಲಿ ಬೇಡ ಎನ್ನುವಂತಿಲ್ಲ. ಚನ್ನಾಜಿ ಕಾದಳು. ಎರಡನೆಯ ಸಲದ ದಿನ ಅತ್ತೆಯನ್ನು ಮಧುವನಹಳ್ಳಿಯ ನಾದಿನಿಯ ಮನೆಗೆ ಸಾಗಹಾಕಿದಳು.

ಅಷ್ಟರಲ್ಲಿ ಊರು ಬೇರೆಯೇ ಅರ್ಥ ಮಾಡಿಕೊಂಡಿತ್ತು. ಎರಡೆರಡು ಸಲ ಕೇಳುವುದು ಸುಳ್ಳು ಹಿಡಿಯಲಿಕ್ಕೆ, ಮಾತು ಬದಲಾದರೆ ಮರ್ಯಾದೆ ಹೋಯಿತು. ಜನ ಮೊದಲಿನ ಉತ್ತರವನ್ನೇ ನೆನಪಿಟ್ಟು ಒಪ್ಪಿಸಿದರು. ಮರೆತವರಿಗೆ ಶಿವರತ್ನಮ್ಮ ನೆನಪಿಸಿದಳು.

"ಅಕ್ಕಾ, ನಂಗೆ ನಿದ್ದೆ ಬರಾಕಿಲ್ಲ. ಸಾಕಾಗೋಗದೆ," ಅಂದಳು ಚನ್ನಾಜಿ.

ಶಿವರತ್ನಮ್ಮ ಪೆನ್ನು ಎತ್ತಿ ಹಿಡಿದಳು. "ಆವತ್ತು ಬತ್ತದೆ ಅಂದಿದ್ದೆಯಲ್ಲೇ?"

"ಆವತ್ತು ಅತ್ತೆ ಇದ್ರಲ್ಲಕ್ಕಾ."

"ಈಗ ಬದ್ಲಾಯ್ಸುದ್ರೆ ನಾನು ಮನೇಲೇ ಕೂತು ಬರ್ದೆ ಅಂತಾರೆ ಡಾಕ್ಟ್ರು. ಊರೆಲ್ಲ ಸರಿಯಾಗಿ ಹೇಳ್ಯದೆ, ನಿಂದೊಂದೇ ತಪ್ಬೇಕಾ? ಇದು ಮುಗೀಲಿ, ನಾನೇ ಕರ್ಕೊಂಡೋಯ್ತೀನಿ ನಿನ್ನ."

ಚನ್ನಾಜಿ ನಂಬಿದಳು. ಇಪ್ಪತ್ತೂ ಉತ್ತರ ಮೊದಲಿನಂತೆಯೇ ಹೇಳಿದಳು.

ಶಿವರತ್ನಮ್ಮ ಹಾಳೆಗಳನ್ನು ಎತ್ತಿಕೊಂಡು ಒಬ್ಬಳೇ ಮೈಸೂರಿನ ಬಸ್ಸು ಹತ್ತಿದಳು. ಉತ್ತರಗಳು ಎರಡು ಸಲವೂ ಒಂದೇ ಬಂದವೆಂದು ಡಾಕ್ಟರು ಹೊಗಳಿದರಂತೆ. ಹಿಂತಿರುಗಿ ಬಂದವಳು ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿದಳು. ಕರೆದೊಯ್ಯುವ ಮಾತು ಎತ್ತಲಿಲ್ಲ. ಚನ್ನಾಜಿ ಮಾರನೆಯ ದಿನದಿಂದ ನೀರಿಗೆ ಬರಲಿಲ್ಲ.

ಆ ಬುಧವಾರ ಬೆಳಿಗ್ಗೆ ಶಿವರತ್ನಮ್ಮ ಗಂಜಿ ತಂದು ತುಟಿಯ ಹತ್ತಿರ ಹಿಡಿದಳು. ಚನ್ನಾಜಿ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿ, ಗೋಡೆಯ ಕಡೆಗೆ ತಿರುಗಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.