ಸುಣ್ಣದ ಕೆಳಗಿನ ಸಾಲು

ಮೂರು ವರ್ಷದ ಹಿಂದಿನ ಮಾತು. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿತ್ತು. ಅದಕ್ಕೆ ಅಡ್ಡ ಬಂದದ್ದು ಊರ ಅಗಸಿ ಬಾಗಿಲ ಮುಂದಿನ ಹುತಾತ್ಮರ ಕಲ್ಲು. ನಿಜಾಮನ ಕಾಲದ ಕೊನೆಯಲ್ಲಿ ರಜಾಕಾರರ ಹಾವಳಿಗೆ ಸಿಕ್ಕು ಸತ್ತ ನಮ್ಮೂರ ನಾಲ್ವರ ಹೆಸರು ಅದರ ಮೇಲಿದೆ.

ಕಲ್ಲನ್ನು ಪಂಚಾಯ್ತಿ ಅಂಗಳಕ್ಕೆ ಸಾಗಿಸಬೇಕೋ, ತೆಗೆದೇ ಬಿಡಬೇಕೋ ಎಂದು ಹದಿನೈದು ದಿನ ವಾದ ನಡೆಯಿತು. ತೆಗೆದುಬಿಡಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. "ಹಳೇ ಗಾಯ ಯಾಕ ಕೆರೀತೀರಿ? ಎಲ್ಲಾ ಮಂದಿ ಕೂಡಿ ಬಾಳಾಕತ್ತೀವಿ" ಎಂದು ಭಾಷಣವನ್ನೇ ಬಿಗಿದೆ. ಕೆಲವರು ತಲೆದೂಗಿದರು. ನನ್ನ ಒಳಗಿನ ಕಾರಣ ಬೇರೆಯೇ ಇತ್ತು.

ಪ್ರತಿ ವರ್ಷ ವಿಮೋಚನಾ ದಿನಕ್ಕೆ ಮುಂಚೆ ಆ ಕಲ್ಲಿಗೆ ಸುಣ್ಣ ಬಳಿದು, ಹೆಸರುಗಳಿಗೆ ಕಪ್ಪು ಬಣ್ಣ ತುಂಬುವುದು ನಮ್ಮ ಮನೆಯವರ ಕೆಲಸ. ಅಪ್ಪ ಶುರು ಮಾಡಿದ ರೂಢಿ. ಅವನಿಗೆ ಮೊಣಕಾಲು ನೋವು ಹೆಚ್ಚಾದ ವರ್ಷ ಕುಂಚವನ್ನು ನನ್ನ ಕೈಗೆ ಕೊಟ್ಟು, "ಕೆಳಗಿನ ಸಾಲಿಗೆ ಜರಾ ದಪ್ಪ ಬಳಿ" ಎಂದ. ಯಾಕೆಂದು ಕೇಳಿದೆ. ಸುಣ್ಣ ಕಲಸುತ್ತಲೇ ಹೇಳಿದ. ಅಲ್ಲಿ 'ಮನೆ ತೋರಿಸಿದವನು ಘಾಳೆಪ್ಪ' ಎಂದು ಕೆತ್ತಿದೆ. ಘಾಳೆಪ್ಪ ಎಂದರೆ ಅಪ್ಪನ ಅಪ್ಪ. ಆ ನಾಲ್ವರು ಅಡಗಿದ್ದ ಮನೆಯನ್ನು ರಜಾಕಾರರಿಗೆ ಬೆರಳು ಮಾಡಿ ತೋರಿಸಿದವನು ನನ್ನ ಅಜ್ಜ. ವರ್ಷ ವರ್ಷದ ಸುಣ್ಣ ಕೂತು ಆ ಸಾಲು ಪೂರ್ತಿ ಮುಚ್ಚಿಹೋಗಿತ್ತು. ನನ್ನ ವಯಸ್ಸಿನವರಿಗೆ ಅಲ್ಲೊಂದು ಸಾಲಿದೆ ಎಂಬುದೇ ಗೊತ್ತಿರಲಿಲ್ಲ.

ಕೊನೆಗೆ ಕಲ್ಲನ್ನು ಪಂಚಾಯ್ತಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಜೆಸಿಬಿ ಬಂತು. ಸರಪಳಿ ಬಿಗಿದು ಎತ್ತುವಾಗ ಕಲ್ಲು ಒಮ್ಮೆ ಜಾರಿತು. ಸರಪಳಿ ಉಜ್ಜಿದ ಕಡೆ ಸುಣ್ಣ ಹಪ್ಪಳದಂತೆ ಕಳಚಿ ಬಿತ್ತು. ಎದುರಿಗೇ ನಿಂತಿದ್ದ ಹೈಸ್ಕೂಲು ಮಾಸ್ತರರು ಬಗ್ಗಿ ಗಟ್ಟಿಯಾಗಿ ಓದಿದರು. ಅವರು ಹೊರಗಿನ ಊರಿನವರು.

"ಮನೆ ತೋರಿಸಿದವನು ಘಾಳೆಪ್ಪ. ಯಾರ್ರಿ ಈ ಘಾಳೆಪ್ಪ?"

ವಯಸ್ಸಾದ ಇಬ್ಬರು ನೆಲ ನೋಡುತ್ತ ನಿಂತರು. ಪಂಚಾಯ್ತಿ ಸದಸ್ಯರೊಬ್ಬರು, "ಅದೊಂದು ಸಾಲು ಉಳಿ ಹೊಡದು ತೆಗಸರಿ. ಖಾಲಿಪೀಲಿ ಜಗಳ ಯಾಕ?" ಎಂದರು. ನನಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಕಾಶೆಮ್ಮ ಮುಂದೆ ಬಂದಳು. ಕಲ್ಲಿನ ಮೇಲಿನ ಮೊದಲ ಹೆಸರು ಅವಳ ತಂದೆಯದು. ಆತ ಸತ್ತಾಗ ಇವಳು ತೊಟ್ಟಿಲ ಕೂಸು.

"ತೆಗೀಬ್ಯಾಡ್ರಿ. ಆ ಸಾಲು ತೆಗದ್ರ ನಮ್ಮಪ್ಪ ಜ್ವರ ಬಂದು ಸತ್ತಾಂಗ ಆಗ್ತದ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ಸುಣ್ಣ ಕಲಸ್ತಿದ್ದ ಬಕೀಟು ನಮ್ಮನಿದು. ಆ ಸಾಲಿಗೆ ಮೂರು ಸಲ ಬಳೀತಿದ್ದ. ನಾ ನೋಡಿ ಸುಮ್ಕಿದ್ದೆ. ಮಗಗ ನಾಚಿಕಿ ಇರ್ತದ."

"ಮತ್ತ ಈಗ ಯಾಕ ಬ್ಯಾಡ ಅಂತೀರಿ, ಆಯಿ?" ಎಂದೆ.

"ಆವಾಗ ಕಲ್ಲು ಮುಚ್ಚಿದ್ರೂ ಊರಿಗೆಲ್ಲ ಗೊತ್ತಿತ್ತು. ಈಗ ಗೊತ್ತಿದ್ದೋರು ನಾವು ಮೂರು ಮಂದಿ ಉಳದೀವಿ. ನಾವೂ ಹೋದಮ್ಯಾಲ?"

ಮಾಸ್ತರರು ಇನ್ನೂ ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದರು.

"ಘಾಳೆಪ್ಪ ನಮ್ಮ ಅಜ್ಜ್ರಿ ಮಾಸ್ತರ" ಎಂದೆ.

ಕಾಶೆಮ್ಮ ಸೆರಗಿನಿಂದ ಕಲ್ಲಿನ ಮೇಲಿನ ಸುಣ್ಣದ ಪುಡಿ ಒರೆಸಿದಳು. "ಮುಂದಿನ ವರ್ಷನೂ ಸುಣ್ಣ ಬಳಿಯಾಕ ನೀನ ಬಾ" ಎಂದು ಹೇಳಿ ಮನೆಯ ದಾರಿ ಹಿಡಿದಳು.

ಕಲ್ಲು ಈಗ ಪಂಚಾಯ್ತಿ ಅಂಗಳದಲ್ಲಿದೆ. ಸುಣ್ಣ ನಾನೇ ಬಳಿಯುತ್ತೇನೆ, ತೆಳ್ಳಗೆ. ನಾಲ್ಕು ಹೆಸರಿಗೆ ಕಪ್ಪು ಬಣ್ಣ ತುಂಬಿದ ಮೇಲೆ ಅಜ್ಜನ ಹೆಸರಿಗೂ ತುಂಬುತ್ತೇನೆ. ಪ್ರತಿ ಸಲವೂ ನಾಚಿಕೆಯಾಗುತ್ತದೆ, ಅದೇನೂ ಕಡಿಮೆಯಾಗಿಲ್ಲ. ಕಾಶೆಮ್ಮ ಹೋದ ವರ್ಷ ತೀರಿಕೊಂಡಳು. ಬಕೀಟು ಮಾತ್ರ ಈಗಲೂ ಅವರ ಮನೆಯಿಂದಲೇ ಕೇಳಿ ತರುತ್ತೇನೆ.