ಸ್ಲ್ಯಾಬಿನ ಹಾಡು ಯಾರದು?

ಮುಂಬಯಿಯ ಸಯನ್‌ನ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದ ಪೂವಪ್ಪ ನಾನು, ಈಗ ಯೂನಿವರ್ಸಿಟಿಯ ಸಂಗೀತ ವಿಭಾಗದಲ್ಲಿ ಪ್ಯೂನ್. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸಂಗೀತಶಾಸ್ತ್ರ ಕಲಿಸುವವರು ಶಿವಕುಮಾರಿ ಮೇಡಂ. ಕಛೇರಿ ಕೊಡುವವರಲ್ಲ. "ಹಾಡಲು ಬಾರದವರು ಶಾಸ್ತ್ರ ಹೇಳುತ್ತಾರೆ" ಎಂದು ಬೆನ್ನ ಹಿಂದೆ ಆಡಿಕೊಳ್ಳುವವರುಂಟು. ಆಡಿಕೊಳ್ಳಲಿ ಮಾರಾಯ್ರೆ, ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಮೇಡಂ ಮಲಾಡ್ ಮಾರ್ಕೆಟಿನ ಸೊಪ್ಪಿನವರ ಕೂಗಿಗೂ ಸ್ವರ ಬರೆದಿಡುತ್ತಾರೆ. ಲೋಕಲ್ ರೈಲಿನಲ್ಲಿ ಭಜನೆ ಕೇಳಿಸಿದರೆ ಇಳಿಯುವ ಸ್ಟೇಷನ್ನೇ ಮರೆಯುತ್ತಾರೆ.

ಅವರ ತಾಯಿ ಮಲ್ಲಕ್ಕ ಕಲಬುರ್ಗಿ ಕಡೆಯಿಂದ ಬಂದು ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ಬುಟ್ಟಿ ಕೈಯಿಂದ ಕೈಗೆ ದಾಟಿಸಲು ತಾವೇ ಹಾಡು ಕಟ್ಟುತ್ತಿದ್ದರು. ಸಾಲಿನಲ್ಲಿ ನಿಂತ ಹೆಂಗಸರು ದನಿಗೂಡಿಸುತ್ತಿದ್ದರು. ಅಂಥ ಒಂದು ಹಾಡನ್ನು ತಾಯಿಯ ಹೆಸರಿನಲ್ಲೇ ಎಂ.ಎ. ತಾಳದ ಪಾಠಕ್ಕೆ ಸೇರಿಸಬೇಕೆಂದು ಮೇಡಂ ಮೂರು ವರ್ಷ ಗುದ್ದಾಡಿದರು. ಪಠ್ಯಸಮಿತಿ ಎರಡು ಸಲ ತಳ್ಳಿಹಾಕಿತು. ಮೂರನೆಯ ಸಲ ಚಹಾ ಕೊಡಲು ನಾನೂ ಒಳಗಿದ್ದೆ.

ಅಧ್ಯಕ್ಷ ಸುಭಾಷರಾವ್ ಧಾರವಾಡದವರು. ಮೇಡಂ ಹಾಡಿಗೆ ಸ್ವರ, ತಾಳ ಬರೆದಿದ್ದ ಹಾಳೆ ನೋಡಿ ನಕ್ಕರು. "ಏಳನೇ ಮಾತ್ರಿ ಖಾಲಿ ಬಿಟ್ಟೀರಲ್ಲ? ಆ ಹೆಣ್ಮಕ್ಕಳು ತಾಳ ತಪ್ಪ್ಯಾರ, ನೀವು ಹಂಗೇ ಬರಕೊಂಡೀರಿ."

ಮೇಡಂ ಮುಖ ಕೆಂಪಾಯಿತು. ಮೂಲೆಯಲ್ಲಿದ್ದ ಉತ್ತರಪತ್ರಿಕೆಗಳ ದಪ್ಪ ಕಟ್ಟನ್ನು ಎತ್ತಿ ಅವರ ಕೈಗಿಟ್ಟರು. "ಏಳ್ರಿ ಸರ್. ನಾ ಹೇಳಿಕೊಟ್ಟಂಗ ಹಾಡಿಕೋತ ಪೂವಪ್ಪಗ ದಾಟಸ್ರಿ."

ಆರನೆಯ ಮಾತ್ರೆವರೆಗೆ ಸುಭಾಷರಾವ್ ಚೆನ್ನಾಗಿಯೇ ಹಾಡಿದರು. ಏಳಕ್ಕೆ ಭಾರ ನನ್ನ ಕೈಗೆ ಬಿತ್ತು, ಇಬ್ಬರದೂ ಉಸಿರು ಕಟ್ಟಿತು. ದನಿ ಎಲ್ಲಿಂದ ಬರಬೇಕು?

"ಬುಟ್ಟಿ ಕೈ ದಾಟೋದು ಅಲ್ಲೇ. ಈಗ ಹೇಳ್ರಿ, ಯಾರು ತಪ್ಪ್ಯಾರ?" ಎಂದರು ಮೇಡಂ.

ಅಧ್ಯಕ್ಷರು ಕುಳಿತು ಬೆವರು ಒರೆಸಿಕೊಂಡರು. "ಆತು, ಪಾಸ್" ಎಂದವರೇ ಹಾಳೆಯಲ್ಲಿದ್ದ ಮಲ್ಲಕ್ಕನ ಹೆಸರನ್ನು ಹೊಡೆದುಹಾಕಿ "ಕರ್ತೃ ಅಜ್ಞಾತ" ಎಂದು ಬರೆದರು. "ಇಂಥಾ ಹಾಡಿಗೆ ಹೆಸರು ಹಾಕೋ ಪದ್ಧತಿ ಇಲ್ರಿ. ಇಷ್ಟರಾಗೇ ಸಮಾಧಾನ ಮಾಡ್ಕೊಳ್ರಿ."

ಸುಳ್ಳೇಕೆ ಹೇಳಲಿ, ನನಗೂ ಅಷ್ಟು ಸಾಕೆನಿಸಿತ್ತು. ಮೇಡಂ ಹಾಳೆಯನ್ನು ಕಸಿದುಕೊಂಡರು.

"ಹಂಗಾದ್ರ ಪಾಠನೂ ಬ್ಯಾಡ! ಅಜ್ಞಾತ ಹೆಂಗಾಗ್ತಾಳ್ರಿ? ದಹಿಸರ್‌ದಾಗ ನಮ್ಮ ಮನ್ಯಾಗ ಕುಂತಾಳ. ಫೋನ್ ಹಚ್ಚತೀನಿ. ನೀ ಯಾರಂತ ನಮಗ ಗೊತ್ತಿಲ್ಲವ್ವಾ ಅಂತ ನೀವೇ ಹೇಳ್ರಿ."

ಹಚ್ಚಿಯೇಬಿಟ್ಟರು. ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು. ಸುಭಾಷರಾವ್ ಹಲೋ ಎಂದರು.

"ಯಾರು ಮಾತಾಡೋರು?" ಎಂದು ಅತ್ತಲಿಂದ ಮಲ್ಲಕ್ಕ ಗದರಿದರು. "ಮದ್ಲ ಹೆಸರು ಹೇಳ್ರಿ!"

ಸುಭಾಷರಾವ್ ಮೆಲ್ಲಗೆ ತಮ್ಮ ಹೆಸರು ಹೇಳಿದರು. ಆಮೇಲೆ ಮೇಡಂ ಕೈಲಿದ್ದ ಹಾಳೆಯನ್ನು ತಮ್ಮತ್ತ ಎಳೆದುಕೊಂಡು ಮಲ್ಲಕ್ಕನದನ್ನು ಬರೆದರು.